ಥರ್ಮಾಕೋಲ್ ಕೋಳಿ

ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವವರು ನಗಬೇಕೆಂದರೆ ಎಲ್ಲಿಗೂ ಹೋಗಬೇಕಿಲ್ಲ. ಮೇಲಿನಿಂದ ಒಂದು ಹೊಸ ‘ಚಟುವಟಿಕೆ’ ಇಳಿದು ಬರುವ ತನಕ ಕಾದರೆ ಸಾಕು. ಹದಿನೇಳು ವರ್ಷದಲ್ಲಿ ನಾನು ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವ ಮೂರೂ ತಾಲೂಕಿನ ನೀರು ಕುಡಿದು, ಈಗ ಸವಣೂರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಬಂದಿದ್ದೇನೆ. ಮಕ್ಕಳು ಎಲ್ಲ ಕಡೆಯೂ ಶಾಣ್ಯಾರೇ, ಬಲು ಜಾಣರು. ಶಾಣ್ಯಾತನ ಕಡಿಮೆಯಾಗುವುದು ಕುರ್ಚಿ ದೊಡ್ಡದಾದಂತೆ. ಹೋದ ವರ್ಷ ಕೋಳಿ ತತ್ತಿಯಿಂದ ಮರಿ ಮಾಡುವ ಚಟುವಟಿಕೆ ಬಂತು. ಮರಿ ಹೊರಗೆ ಬರಲು ಇಪ್ಪತ್ತೊಂದು ದಿನ ಬೇಕಾದವು. ದೊಡ್ಡವರ ಬುದ್ಧಿ ಹೊರಗೆ ಬೀಳಲು ಅಷ್ಟು ದಿನ ಬೇಕಾಗಲಿಲ್ಲ.

ಹುಂಜಂದೇನು ಕೆಲಸ?

ನಮ್ಮ ಹೆಡ್ ಮಾಸ್ತರರು ಶಿಗ್ಗಾಂವದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದರು. ಹೋಗುವಾಗ ಕೈಯಲ್ಲಿ ಬುತ್ತಿ ಚೀಲ ಇತ್ತು. ಬರುವಾಗ ಒಂದು ಥರ್ಮಾಕೋಲ್ ಪೆಟಿಗೆ ಇತ್ತು, ಮುಖದ ಮೇಲೆ ತಾವೇ ತತ್ತಿ ಇಟ್ಟು ಬಂದವರ ಕಳೆ ಇತ್ತು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಶಾಲೆ, ಒಂದು ಪೆಟಿಗೆ, ಒಳಗೆ ಬಲ್ಬು, ತತ್ತಿ ಒಡೆದು ಮರಿ ಹೊರಬಂದ ಕೂಡಲೇ ಮಕ್ಕಳೆಲ್ಲ ಚಪ್ಪಾಳೆ.

“ಮೇಡಂ, ತಾಲೂಕಿನ್ಯಾಗ ಇದನ್ನ ಮಾಡಿದ ಮೊದಲನೇ ಸಾಲಿ ನಮ್ದ ಆಗಬೇಕು. ತತ್ತಿ ಚಿಂತಿ ಮಾಡಬ್ಯಾಡ್ರಿ. ಬಿಸಿಯೂಟದ ತತ್ತಿ ಬಂದಾವು, ಅದರಾಗಿಂದ ಇಪ್ಪತ್ತು ತಗೋರಿ.”

“ಸರ್, ಅವು ಫಾರಂ ತತ್ತಿ. ಅವುಗಳಿಂದ ಮರಿ ಆಗಂಗಿಲ್ರಿ.”

“ಯಾಕ ಆಗಂಗಿಲ್ಲ? ಕೋಳಿನ ಇಟ್ಟಾವಲ್ಲ?”

“ಕೋಳಿನ ಇಟ್ಟಾವ್ರಿ. ಆದ್ರ ಅಲ್ಲೆ ಹುಂಜ ಇರಂಗಿಲ್ರಿ.”

ಹೆಡ್ ಮಾಸ್ತರರು ದಡ್ಡ ವಿದ್ಯಾರ್ಥಿಯನ್ನು ನೋಡಿದಂತೆ ನನ್ನನ್ನು ನೋಡಿದರು. “ತತ್ತಿ ಇಡೋದು ಕೋಳಿ. ಕಾವು ಕೊಡೋದು ಬಲ್ಬು. ನಡುವ ಹುಂಜಂದೇನ್ರಿ ಕೆಲಸ?”

ಎಂಟನೇ ತರಗತಿಗೆ ಸಂತಾನೋತ್ಪತ್ತಿಯ ಪಾಠವನ್ನು ಕಣ್ಣು ಮಿಟುಕಿಸದೆ ಮಾಡುವವಳು ನಾನು. ಆದರೆ ನಿವೃತ್ತಿಗೆ ಎರಡೇ ವರ್ಷ ಉಳಿದಿರುವ ಗಂಡಸಿಗೆ ಅದೇ ಪಾಠವನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಬಾಗಿಲ ಬಳಿ ಕೂತು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದ ಬಿಸಿಯೂಟದ ಅಕ್ಕ ತಲೆ ಎತ್ತದೆ ಕೇಳಿದಳು:

“ಸರ್, ನಿಮಗ ಮೂರು ಮಕ್ಕಳು. ಅಷ್ಟೂ ಮನ್ಯಾಗಿನ ಬಾಯಾರೊಬ್ಬರ ಮಾಡ್ಯಾರೇನ್ರಿ?”

ಹೆಡ್ ಮಾಸ್ತರರು ಪೆಟಿಗೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಆಮೇಲೆ ತಾವೇ ಕಂಡುಹಿಡಿದವರ ಗತ್ತಿನಲ್ಲಿ ಹೇಳಿದರು: “ಮೇಡಂ, ಜವಾರಿ ತತ್ತಿನ ತರ್ರಿ.”

ಪಗಾರ ಇಲ್ಲದ ನೌಕರಿ

ನಾನಿರುವುದು ಸವಣೂರಿನಲ್ಲಿ ಬಾಡಿಗೆ ಮನೆಯಲ್ಲಿ. ನಮ್ಮ ಓಣಿಯ ಕೊನೆಗೆ ಒಬ್ಬ ಚಾಚಿ ಇದ್ದಾಳೆ. ಮನೆಯ ಹಿತ್ತಲಲ್ಲಿ ಮೂವತ್ತು ಜವಾರಿ ಕೋಳಿ, ಅಂದರೆ ನಾಟಿ ಕೋಳಿ, ಎರಡು ಹುಂಜ. ತತ್ತಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಅದರ ವಯಸ್ಸು ಹೇಳುವ ಹೆಂಗಸು. ಇಪ್ಪತ್ತು ತತ್ತಿ ಬೇಕು, ಶಾಲೆಯಲ್ಲಿ ಮರಿ ಮಾಡಿಸುತ್ತೇವೆ ಎಂದೆ.

“ಅಚ್ಛಾ. ಕಾವಿಗೆ ಕುಂಡ್ರೋ ಕೋಳಿ ಐತೇನು ಬೇಟಿ ನಿಮ್ಮ ಹತ್ರ?”

“ಇಲ್ಲ ಚಾಚಿ. ಪೆಟಗಿ ಐತಿ. ಥರ್ಮಾಕೋಲಿಂದು.”

ಚಾಚಿ ನಕ್ಕಳು. ಕೆಂಪು ಕೋಳಿಯೊಂದು ಮೂಲೆಯ ಬುಟ್ಟಿಯಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. “ಇದನ್ನ ಒಯ್ಯಿ. ಕಾವಿಗೆ ಕುಂತೈತಿ. ಇಪ್ಪತ್ತೊಂದು ದಿನಾ ಎದ್ದ್ ಹೋಗಂಗಿಲ್ಲ.”

ನಾನು ಪೆಟಿಗೆಯ ಮಹಿಮೆ ಬಿಡಿಸಿ ಹೇಳಿದೆ. ಬಲ್ಬು ಹಗಲೂ ರಾತ್ರಿ ಉರಿಯಬೇಕು. ಉಷ್ಣತೆ ಮೂವತ್ತೇಳೂವರೆ ಡಿಗ್ರಿ ಬಿಟ್ಟು ಅತ್ತಿತ್ತ ಹೋಗಬಾರದು. ಒಳಗೆ ಒಂದು ಬಟ್ಟಲು ನೀರು ಇಡಬೇಕು. ದಿನಕ್ಕೆ ಮೂರು ಸಲ ತತ್ತಿ ಹೊರಳಿಸಬೇಕು, ಬರೆದಿಡಬೇಕು, ಫೋಟೋ ಹೊಡೆದು ಮೇಲಕ್ಕೆ ಕಳಿಸಬೇಕು. ಅದಕ್ಕೊಬ್ಬ ಹೆಡ್ ಮಾಸ್ತರರು, ಒಬ್ಬಳು ವಿಜ್ಞಾನದ ಟೀಚರು, ನೋಡಲು ಬರುವ ಒಬ್ಬ ಸಾಹೇಬರು.

ಚಾಚಿ ತತ್ತಿಗಳನ್ನು ಹೊಟ್ಟಿನ ಬುಟ್ಟಿಯಲ್ಲಿ ಒಂದೊಂದಾಗಿ ಇಡುತ್ತ ಕೇಳಿದಳು: “ಅಂದ್ರ ಪಗಾರ ಇಲ್ದ ಕುಂತ ಕೆಲಸ ಮಾಡೋ ಕೋಳೀನ ಬಿಡಿಸಿ, ಆ ಜಾಗಾಕ್ಕ ಪಗಾರ ತಗೊಳ್ಳೋ ಮೂರು ಮಂದೀನ ಕುಂಡ್ರಿಸೀರಿ. ಹೌದಲ್ಲ?”

ನಾನು ಹೌದೆಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ.

ಹೆಣ್ಣೆಷ್ಟು, ಗಂಡೆಷ್ಟು

ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನಮ್ಮ ಕಂಡಕ್ಟರನಿಗೆ ಒಂದು ಬೇಸರ ಹತ್ತಿಕೊಂಡಿದೆ. ಜಗಳಕ್ಕೆ ವಿಷಯವೇ ಸಿಗುವುದಿಲ್ಲ. ಅವತ್ತು ಸಿಕ್ಕಿತು.

“ಮೇಡಂ, ಬುಟ್ಯಾಗೇನು?”

“ತತ್ತಿ.”

“ತಿನ್ನೋವೋ?”

“ಅಲ್ಲ, ಮರಿ ಮಾಡೋವು. ಸಾಲಿಗೆ.”

ಅಷ್ಟು ಹೇಳಿದ್ದೇ ತಪ್ಪಾಯಿತು. ಅವನು ಟಿಕೆಟ್ ಮೆಷಿನ್ನು ಕಂಕುಳಿಗೆ ಸಿಗಿಸಿ ನಿಂತ. “ತಿನ್ನೋ ತತ್ತಿ ಆದ್ರ ಅದು ಕಿರಾಣಿ, ನಾ ಕೇಳಂಗಿಲ್ಲ. ಜೀವಂತ ಕೋಳಿ ಆದ್ರ ಟಿಕೆಟ್ ಐತಿ. ಇದರಾಗ ಜೀವ ಐತೋ ಇಲ್ಲೋ?”

“ಇನ್ನೂ ಕಾವಿಗಿಟ್ಟಿಲ್ಲಪಾ. ಇಪ್ಪತ್ತೊಂದು ದಿನಾ ಬೇಕು.”

ಹಿಂದಿನ ಸೀಟಿನ ಮುದುಕರೊಬ್ಬರು ನಡುವೆ ಬಾಯಿ ಹಾಕಿದರು. “ನೀ ಹಿಂಗ ನಿಂದರ್ಸಿಕೋಂತ ಹೊಂಟ್ರ ಊರು ಮುಟ್ಟೋದ್ರಾಗ ಮರಿ ಆಗಿ, ಅವು ಮತ್ತ ತತ್ತಿ ಇಡ್ತಾವು. ನಡಿ ಮುಂದ.”

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಮಾತ್ರ ನಗಲಿಲ್ಲ. ಅವನಿಗೆ ಕಾನೂನು ಮುಖ್ಯ. ಬಹಳ ಹೊತ್ತು ಯೋಚಿಸಿ ಒಂದು ರಾಜಿಗೆ ಬಂದ.

“ಆತ್ರಿ ಮೇಡಂ, ಜಗಳ ಬ್ಯಾಡ. ಹೆಣ್ಣು ಇದ್ದಾವೆಲ್ಲ ಫ್ರೀ. ಗಂಡೆಷ್ಟದಾವು, ಅಷ್ಟ ಹೇಳ್ರಿ.”

ಮೂವತ್ತೇಳು ಡಿಗ್ರಿ

ಪೆಟಿಗೆಗೆ ಬಲ್ಬು ತರುವ ಜವಾಬ್ದಾರಿಯನ್ನು ಹೆಡ್ ಮಾಸ್ತರರು ತಾವೇ ಹೊತ್ತರು. ತಂದದ್ದು ಹೊಸ ನಮೂನೆಯ ಎಲ್ಇಡಿ ಬಲ್ಬು. ಕರೆಂಟು ಉಳಿತಾಯ ಎಂದರು. ಹಚ್ಚಿದೆವು. ಪೆಟಿಗೆಯೊಳಗೆ ಮದುವೆ ಮಂಟಪದ ಬೆಳಕು. ಒಂದು ತಾಸು ಕಾದರೂ ಉಷ್ಣತೆ ಇಪ್ಪತ್ತೆಂಟರ ಮೇಲೆ ಏರಲಿಲ್ಲ.

“ಸರ್, ಈ ಬಲ್ಬು ಬೆಳಕು ಕೊಡತೈತಿ, ಕಾವು ಕೊಡಂಗಿಲ್ರಿ. ಹಳೇ ತಂತಿ ಬಲ್ಬು ಬೇಕು.”

“ಬಲ್ಬು ಹೊಸಾದ್ರಿ. ಕೆಟ್ಟಿದ್ದು ನಿಮ್ಮ ಥರ್ಮಾಮೀಟರು.”

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಯೋಗ ವಿಫಲವಾದರೆ ಮೊದಲು ಉಪಕರಣವನ್ನು ಬೈಯಬೇಕು, ಆಮೇಲೆ ಟೀಚರನ್ನು, ಕೊನೆಗೆ ಮಕ್ಕಳನ್ನು. ಉಪಕರಣ ಕೆಟ್ಟಿದೆ ಎಂದು ತೋರಿಸಲು ಹೆಡ್ ಮಾಸ್ತರರು ಅದರ ವಾಯರನ್ನು ಎಳೆದು, ಅಂಗಿಯ ಎರಡು ಗುಂಡಿ ಬಿಚ್ಚಿ, ತುದಿಯನ್ನು ತಮ್ಮ ಬಗಲಲ್ಲಿ ಇಟ್ಟುಕೊಂಡರು. ಮೂವತ್ತೆರಡು, ಮೂವತ್ತೈದು, ಮೂವತ್ತಾರು. ಮೂವತ್ತೇಳಕ್ಕೆ ಬಂದು ನಿಂತಿತು. ಥರ್ಮಾಮೀಟರು ಸರಿಯಾಗಿಯೇ ಇತ್ತು.

ತಾಸಿಗೊಮ್ಮೆ ಉಷ್ಣತೆ ನೋಡಿ ಗೋಡೆಯ ಚಾರ್ಟಿನಲ್ಲಿ ಬರೆಯುವ ಕೆಲಸವನ್ನು ನಾನು ಏಳನೇ ತರಗತಿಯ ಒಬ್ಬ ಹುಡುಗಿಗೆ ಒಪ್ಪಿಸಿದ್ದೆ. ಬಹಳ ಪ್ರಾಮಾಣಿಕ ಹುಡುಗಿ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂದು ನಾನೇ ಕಲಿಸಿದ್ದೆ. ಸಂಜೆ ಚಾರ್ಟು ನೋಡಿದರೆ ದುಂಡಾದ ಅಕ್ಷರದಲ್ಲಿ ಹೀಗಿತ್ತು:

‘ಸ್ಥಳ: ಪೆಟ್ಟಿಗೆ. ಉಷ್ಣತೆ: 28. ಮರಿ ಆಗುವುದಿಲ್ಲ.
ಸ್ಥಳ: ಹೆಡ್ ಸರ್ ಬಗಲು. ಉಷ್ಣತೆ: 37. ಮರಿ ಆಗಬಹುದು.’

ಜಾತಿ: ಜವಾರಿ

ಹಳೆಯ ಬಲ್ಬು ಕೊನೆಗೆ ಬಿಸಿಯೂಟದ ಅಕ್ಕನ ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ತತ್ತಿ ಇಟ್ಟೆವು. ಎಂಟನೇ ದಿನ ಕೋಣೆಯ ಕಿಟಕಿ ಮುಚ್ಚಿ, ಟಾರ್ಚಿನ ಮೇಲೆ ಒಂದೊಂದೇ ತತ್ತಿ ಹಿಡಿದು ಮಕ್ಕಳಿಗೆ ತೋರಿಸಿದೆ. ಐದು ತತ್ತಿ ಖಾಲಿ ಇದ್ದವು, ತೆಗೆದಿಟ್ಟೆ. ಹದಿನೈದರಲ್ಲಿ ಜೇಡರ ಬಲೆಯಂಥ ಕೆಂಪು ನರ, ನಡುವೆ ಸಾಸಿವೆಯಷ್ಟು ಒಂದು ಚುಕ್ಕಿ. ಅದು ಮಿಡಿಯುತ್ತಿತ್ತು. ನಲವತ್ತು ಮಕ್ಕಳೂ ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಊರಿ ಅದರ ಮಿಡಿತ ಎಣಿಸುತ್ತಿದ್ದರು. ಹದಿನೇಳು ವರ್ಷದ ನೌಕರಿಯಲ್ಲಿ ಅಂಥ ಕ್ಲಾಸು ನಾನು ಮಾಡಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ಮೇಲಿನ ಕಚೇರಿಯ ಸಾಹೇಬರು ಒಳಗೆ ಬಂದರು, ಬೆಳಕೂ ಬಂತು, ಕ್ಲಾಸು ಹೋಯಿತು.

“ಎಲ್ರಿ ಮರಿ?”

“ಇನ್ನೂ ಹದಿಮೂರು ದಿನಾ ಐತ್ರಿ ಸರ್.”

“ಹದಿಮೂರು ದಿನಾ? ನಂದು ಇದೊಂದ ವಿಸಿಟ್ ಐತಿ. ಒಂದರ ಒಡದು ತೋರಿಸ್ರಿ, ಫೋಟೋ ಬೇಕು.”

“ಒಡದ್ರ ಸಾಯತೈತ್ರಿ ಸರ್.”

“ಫೋಟೋದಾಗ ಗೊತ್ತಾಗಂಗಿಲ್ಲ ಬಿಡ್ರಿ.”

ಮಕ್ಕಳು ಪೆಟಿಗೆಯನ್ನು ಮುತ್ತಿಕೊಂಡು ನಿಂತ ರೀತಿ ನೋಡಿ ಅವರಿಗೂ ಸ್ವಲ್ಪ ಅಂಜಿಕೆಯಾಗಿರಬೇಕು. ಒಡೆಯುವ ಮಾತು ಬಿಟ್ಟು ಮೊಬೈಲ್ ತೆಗೆದರು. ವಿವರ ತುಂಬಬೇಕಿತ್ತು. ಆ ನಮೂನೆಯನ್ನು ಮಾಡಿದ ಪುಣ್ಯಾತ್ಮ ಮಕ್ಕಳ ದಾಖಲಾತಿಯ ನಮೂನೆಯನ್ನೇ ತೆಗೆದು, ಮೇಲಿನ ಹೆಸರಷ್ಟೇ ಬದಲಿಸಿದ್ದ. ಗಂಡೆಷ್ಟು, ಹೆಣ್ಣೆಷ್ಟು, ಮಾತೃಭಾಷೆ, ಜಾತಿ. ಒಂದು ಕಾಲಂ ಖಾಲಿ ಬಿಟ್ಟರೂ ಮುಂದೆ ಹೋಗುವುದಿಲ್ಲ.

“ಜಾತಿ ಏನು ಬರೀಲ್ರಿ ಮೇಡಂ?”

“ಜವಾರಿ ಅಂತ ಬರೀರಿ ಸರ್” ಎಂದೆ, ಸಿಟ್ಟಿನಿಂದ.

ಸಾಹೇಬರು ಬರೆದರು. ಕನ್ನಡಕ ಮೇಲೇರಿಸಿ ಕೆಳಗಿನ ಸಾಲು ಓದಿದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು:

“ಜವಾರಿ ಯಾವ ಪ್ರವರ್ಗದಾಗ ಬರತೈತಿ? ಸರ್ಟಿಫಿಕೇಟ್ ಮಾಡ್ಸೀರೇನು?”

ಶಾಲೆಯ ಆಸ್ತಿ

ಹದಿಮೂರನೇ ದಿನ ಹೆಡ್ ಮಾಸ್ತರರು ಒಂದು ಮದುವೆಗೆ ಹಿರೇಕೆರೂರಿಗೆ ಹೋಗುವವರಿದ್ದರು. ನಾವೆಲ್ಲ ಹೋದ ಮೇಲೆ ಅವರು ಶಾಲೆಯ ಮೇನ್ ಸ್ವಿಚ್ ಆರಿಸಿ, ಅದಿದ್ದ ಕೋಣೆಗೆ ಕೀಲಿ ಹಾಕಿ, ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಸರಕಾರದ ಕರೆಂಟು ಪೋಲಾಗಬಾರದು ಎಂಬುದು ಅವರ ಮೂವತ್ತು ವರ್ಷದ ವ್ರತ. ಪೆಟಿಗೆಗಾಗಿ ಅದನ್ನು ಹನ್ನೆರಡು ರಾತ್ರಿ ಮುರಿದದ್ದು ಮದುವೆಯ ಗಡಿಬಿಡಿಯಲ್ಲಿ ಮರೆತುಹೋಗಿತ್ತು.

ಮರುದಿನ ಮುಂಜಾನೆ ನಾನು ಹೋಗಿ ನೋಡುತ್ತೇನೆ, ಬಲ್ಬು ಆರಿದೆ, ಪೆಟಿಗೆ ತಣ್ಣಗಿದೆ, ಒಳಗೆ ಒಂದೂ ತತ್ತಿ ಇಲ್ಲ. ಚಾರ್ಟು ಬರೆಯುವ ಹುಡುಗಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ನಾಯಿ ತಿಂದಿತೋ, ಬೆಕ್ಕು ಒಯ್ದಿತೋ ಎಂದು ಹುಡುಕುತ್ತಿರುವಾಗ ಬಿಸಿಯೂಟದ ಅಕ್ಕ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು, ಕೂಸನ್ನು ತಂದ ಹಾಗೆ.

ಸಂಜೆಯ ಪಾಳಿಯಲ್ಲಿ ತತ್ತಿ ಹೊರಳಿಸುವವಳು ಅವಳೇ. ಅಡಿಗೆ ಕೋಣೆಯ ಕೀಲಿಯ ಜೊತೆಗೆ ಪೆಟಿಗೆ ಇದ್ದ ಕೋಣೆಯ ಕೀಲಿಯೂ ಅವಳ ಹತ್ತಿರ ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಬಂದು ಪೆಟಿಗೆ ಮುಟ್ಟಿದರೆ ಕಾವು ಇಳಿಯುತ್ತಿತ್ತು. ಹೆಡ್ ಮಾಸ್ತರರಿಗೆ ಫೋನು ಹಚ್ಚಿದಳು, ಮದುವೆಯ ಬ್ಯಾಂಡಿನಲ್ಲಿ ಅವರಿಗೆ ಕೇಳಿಸಲಿಲ್ಲ. ಹದಿನೈದೂ ತತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದು, ಹಳೆಯ ಸೀರೆ ಸುತ್ತಿದ ಬುಟ್ಟಿಯಲ್ಲಿಟ್ಟು, ಒಲೆಯ ಮಗ್ಗುಲಲ್ಲಿ ಬೆಳಗಾಗುವ ತನಕ ಕೂತಿದ್ದಳು. ಕಾವು ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಲು ಥರ್ಮಾಮೀಟರು ಇರಲಿಲ್ಲ. ಕೈ ಇತ್ತು. ಟಾರ್ಚು ಹಿಡಿದು ನೋಡಿದೆ. ನಾಲ್ಕು ತತ್ತಿಯ ಬಗ್ಗೆ ಅನುಮಾನ ಬಂತು, ಹನ್ನೊಂದರಲ್ಲಿ ಮರಿ ಹೊಯ್ದಾಡುತ್ತಿತ್ತು. ನಾನು ಅವಳ ಕೈ ಹಿಡಿದೆ.

ಹೆಡ್ ಮಾಸ್ತರರು ತಪ್ಪು ಹಿಡಿದರು. ಆಗಷ್ಟೇ ಬಸ್ಸಿಳಿದು ಬಂದಿದ್ದರು, ಹಣೆಯ ಮೇಲೆ ಮದುವೆಯ ಅಕ್ಷತೆ ಹಾಗೇ ಇತ್ತು.

“ಸಾಲಿ ಆಸ್ತಿ ಮನಿಗೆ ಒಯ್ದಿ? ಯಾರನ್ನ ಕೇಳಿ ಒಯ್ದಿ? ನಿನಗ ನೋಟಿಸ್ ಕೊಡಬೇಕಾಗತೈತಿ!”

ಅಕ್ಕ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಕಣ್ಣು ಒರೆಸಿಕೊಂಡಳು. ಹೊಗೆಗೆ ಕೆಂಪಾಗಿದ್ದವು.

“ಕೊಡ್ರಿ ಸರ್. ದೊಡ್ಡ ಕಾಗದದ ಮ್ಯಾಲ ಬರದು ಕೊಡ್ರಿ. ಇದ್ದ ಕಟಗಿ ಎಲ್ಲಾ ಸುಟ್ಟೇನಿ, ಒಲಿ ಹಚ್ಚಾಕ ಏನೂ ಉಳದಿಲ್ಲ.”

ಸಾಹೇಬರ ಅಮೃತ ಹಸ್ತ

ಇಪ್ಪತ್ತೊಂದನೇ ದಿನಕ್ಕೆ ಹೆಡ್ ಮಾಸ್ತರರು ಒಂದು ಸಮಾರಂಭ ಇಟ್ಟುಕೊಂಡರು. ಶಾಮಿಯಾನ, ಮೈಕು, ಸುತ್ತಲಿನ ಹಳ್ಳಿಗಳ ಮುಖಂಡರೊಬ್ಬರು ಮುಖ್ಯ ಅತಿಥಿ. ತಾವು ಯಾವ ಪಕ್ಷದಲ್ಲಿದ್ದೇವೆ ಎನ್ನುವುದು ಆ ಮುಖಂಡರಿಗೂ ಮುಂಜಾನೆಯ ಪೇಪರ್ ಓದಿದ ಮೇಲೆಯೇ ಗೊತ್ತಾಗುವುದು. ‘ಸಾಹೇಬರ ಅಮೃತ ಹಸ್ತದಿಂದ ಮರಿ ಹೊರತೆಗೆಯುವ ಕಾರ್ಯಕ್ರಮ’ ಎಂದು ಕರೆಯೋಲೆಯೂ ಅಚ್ಚಾಗಿತ್ತು. ಸಾಹೇಬರೆಂದರೆ ಈ ಮುಖಂಡರೇ; ನಮ್ಮಲ್ಲಿ ಬಿಳಿ ಅಂಗಿ ಹಾಕಿದವರೆಲ್ಲ ಸಾಹೇಬರು.

ಅವತ್ತು ನಸುಕಿನಲ್ಲೇ ಮೊದಲ ತತ್ತಿ ಬಿರಿಯಿತು. ನಾನು ಹೋಗುವ ಹೊತ್ತಿಗೆ ನಾಲ್ಕು ಮರಿ ಹೊರಗಿದ್ದವು, ಒದ್ದೆ, ಕುರೂಪ, ನಿಂತು ಬೀಳುತ್ತಿದ್ದವು. ಮಧ್ಯಾಹ್ನದೊಳಗೆ ಹನ್ನೊಂದಾದವು, ಮೈ ಒಣಗಿ ಹಳದಿ ಉಂಡೆಗಳಾದವು. ಮಕ್ಕಳು ಊಟಕ್ಕೆ ಕರೆದರೂ ಏಳಲಿಲ್ಲ. ಹತ್ತು ಗಂಟೆಗೆ ಬರಬೇಕಾದ ಮುಖಂಡರು ಮಾತ್ರ ಬರಲಿಲ್ಲ. ಮಧ್ಯಾಹ್ನ ಫೋನು ಬಂತು: ಇವತ್ತು ಆಗುವುದಿಲ್ಲ, ನಾಳೆ ಬರುತ್ತೇನೆ.

ಹೆಡ್ ಮಾಸ್ತರರ ಮುಖ ಇಳಿಯಿತು. “ಮೇಡಂ, ಇವನ್ನ ನಾಳೆತನಕ ತಡಿಯಾಕ ಬರಂಗಿಲ್ಲೇನು?”

“ಆಗಲೇ ಹೊರಗ ಬಂದಾವಲ್ರಿ ಸರ್.”

“ಮತ್ತ ಒಳಗ ಹಾಕಾಕ?”

ನಾನು ಚೇಷ್ಟೆ ಎಂದುಕೊಂಡೆ. ಆದರೆ ಅವರು ಚಿಪ್ಪಿನ ತುಂಡುಗಳನ್ನು ಆರಿಸತೊಡಗಿದರು. ಇನ್ನೊಂದು ಕೈಯಲ್ಲಿ ಗೋಂದಿನ ಬಾಟ್ಲಿ. “ಒಂದ ಮರಿ ಸಾಕ್ರಿ. ಎರಡು ಚಿಪ್ಪಿನ ನಡುವ ಇಟ್ಟು ಸುತ್ತ ಗೋಂದು ಹಚ್ಚೋಣು. ಸಾಹೇಬ್ರು ಮುಟ್ಟಿದ ಕೂಡ್ಲೆ ಬಿಚ್ಚತೈತಿ.”

ನಾನು ಪೆಟಿಗೆಯ ಮುಂದೆ ಬಂದು ನಿಂತೆ. “ಸರ್, ಒಂದು ಮರಿ ಮುಟ್ಟಿದ್ರೂ ನಾ ಸುಮ್ನಿರಂಗಿಲ್ಲ.” ಹೆಡ್ ಮಾಸ್ತರರಿಗೆ ಹಾಗೆ ಅಂದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಹಿಂದೆ ನೋಡಿದರೆ ಎರಡು ಕ್ಲಾಸಿನ ಮಕ್ಕಳು ಎದ್ದು ನಿಂತಿದ್ದರು. ಹೆಡ್ ಮಾಸ್ತರರು ಗೋಂದಿನ ಮುಚ್ಚಳ ಹಾಕಿದರು.

ಪೆಟಿಗೆಯಲ್ಲಿ ಒಡೆಯದೆ ಉಳಿದ ನಾಲ್ಕು ತತ್ತಿ ಇದ್ದವು. ಹುಗಿದು ಬಿಡಿ ಎಂದು ನಾನು ಹೇಳಿದೆ. ಹೆಡ್ ಮಾಸ್ತರರು ಮೂರನ್ನು ಹುಗಿಯಲು ಬಿಟ್ಟರು. ದೊಡ್ಡದೊಂದನ್ನು ಕಿವಿಗೆ ಹಿಡಿದು, “ಇದರಾಗ ಸಪ್ಪಳ ಬರಾಕತ್ತೈತಿ” ಎಂದು ಖುಷಿಯಿಂದ ಪೆಟಿಗೆಯಲ್ಲಿ ತಿರುಗಿ ಇಟ್ಟರು. ಬಿಸಿಯೂಟದ ಅಕ್ಕ ಮೂಗು ಮುಚ್ಚಿಕೊಂಡು, “ಅದು ಕೆಟ್ಟೈತ್ರಿ ಸರ್, ನಾರಾಕತ್ತೈತಿ” ಎಂದಳು.

“ನೀ ಅಡಗಿ ನೋಡ್ಕೊ. ವಿಜ್ಞಾನ ನಾವು ನೋಡ್ಕೋತೇವಿ.”

ಮರುದಿನ ಹನ್ನೊಂದಕ್ಕೆ ಬರಬೇಕಾದ ಮುಖಂಡರು ಎರಡಕ್ಕೆ ಬಂದರು. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲೊಂದು ಶಾಲು, ಅದರ ಮೇಲೆ ಹಾರ. ಸ್ಟೀಲಿನ ತಾಟಿನಲ್ಲಿ ವೀಳ್ಯದೆಲೆ, ಎಲೆಯ ಮೇಲೆ ತತ್ತಿ, ತತ್ತಿಗೆ ಕುಂಕುಮ, ಪಕ್ಕದಲ್ಲಿ ಒಂದು ಚಮಚ. ಮರಿಗಳನ್ನು ನಾನು ನನ್ನ ಕ್ಲಾಸಿನಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಮುಖಂಡರು ಮೈಕಿನ ಮುಂದೆ ಅರ್ಧ ತಾಸು ಮಾತಾಡಿದರು. ಮಾತಾಡುತ್ತ ಚಮಚ ಎತ್ತಿದರು. “ಇವತ್ತ ಈ ಸಾಲ್ಯಾಗಿಂದ ಹೊರಗ ಬರೋದು ಬರೇ ಮರಿ ಅಲ್ಲ, ಈ ನಾಡಿನ ಭವಿಷ್ಯ!” ಎಂದು ಮೆಲ್ಲಗೆ ಬಡಿದರು. ಏನೂ ಆಗಲಿಲ್ಲ.

“ಸ್ವಲ್ಪ ಜೋರಲೆ ಹೊಡೀರಿ ಸಾಹೇಬ್ರ” ಎಂದರು ಹೆಡ್ ಮಾಸ್ತರರು, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ.

ಮುಖಂಡರು ಬಾಗಿ ಜೋರಿನಿಂದ ಹೊಡೆದರು.

ಢಬ್ ಎಂದ ಸಪ್ಪಳ ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು. ಇಪ್ಪತ್ತೆರಡು ದಿನ ಕಾವಿನಲ್ಲಿ ಕೊಳೆತ ತತ್ತಿ ಬಾಂಬಿನ ಹಾಗೆ ಸಿಡಿದು, ನಾಡಿನ ಭವಿಷ್ಯವೆಲ್ಲ ಮುಖಂಡರ ಅಂಗಿಯ ಮೇಲೆ, ಶಾಲಿನ ಮೇಲೆ, ಮೀಸೆಯ ಮೇಲೆ ಹಸಿರಾಗಿ ಇಳಿಯಿತು. ಆ ನಾತಕ್ಕೆ ಮುಂದಿನ ಸಾಲಿನ ಗಣ್ಯರು ಕುರ್ಚಿ ಸಮೇತ ಹಿಂದೆ ಸರಿದರು. ವೇದಿಕೆಯಿಂದ ಎಲ್ಲರಿಗಿಂತ ಮೊದಲು ಜಿಗಿದವರು ಹೆಡ್ ಮಾಸ್ತರರು. ಅವರಿಗೆ ಅಷ್ಟು ದೂರ ಜಿಗಿಯಲು ಬರುತ್ತದೆಂದು ನಮಗೆ ಅವತ್ತೇ ಗೊತ್ತಾದದ್ದು.

ವೇದಿಕೆಯ ಮೇಲೆ ಮುಖಂಡರು ಒಬ್ಬರೇ ಉಳಿದರು. ಕನ್ನಡಕ ತೆಗೆದು, ಒಂದು ಕಣ್ಣು ಬಿಟ್ಟು, ಮೈಕಿನಲ್ಲೇ ಗರ್ಜಿಸಿದರು: “ಏನ್ರಿ ಇದು? ಮರಿ ಐತಿ ಅಂತ ಹೇಳಿದ್ರಲ್ಲ!”

ಬಿಸಿಯೂಟದ ಅಕ್ಕ ಒಂದು ಚರಿಗೆ ನೀರು, ಒಂದು ಟವೆಲು ಹಿಡಿದು ಮೆಟ್ಟಿಲು ಹತ್ತಿದಳು. ಮೈಕಿನ ಹತ್ತಿರ ಬಂದದ್ದು ಅವಳ ಗಮನಕ್ಕೇ ಬರಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದಳು:

“ನಿನ್ನಿ ಬಂದಿದ್ರ ಮರಿನ ಇದ್ವರಿ ಸಾಹೇಬ್ರ. ತಡಾ ಮಾಡಿ ಬಂದವರಿಗೆ ಇದ ಉಳದಿತ್ತು.”